ಕಿವಿಯ ಮೇಲಿನ ಬೆಳೆ

ಬಸವಪ್ರಸಾದನ ಹೆಂಡತಿ ತವರಿಗೆ ಹೋಗಿ ಕೂತದ್ದು ಅತ್ತೆಯ ಕಾಟಕ್ಕಲ್ಲ, ಗಂಡನ ಕುಡಿತಕ್ಕೂ ಅಲ್ಲ. ಅವನ ಕಿವಿಗೆ ಹೆದರಿ.

ಅವನ ಎರಡೂ ಕಿವಿಗಳ ಅಂಚಿನಲ್ಲಿ, ಮೆಕ್ಕೆಜೋಳದ ತೆನೆಯ ತುದಿಯಲ್ಲಿ ಜೋತಾಡುವಂಥ ಕೂದಲು ಜೊಂಪೆಯಾಗಿ ಬೆಳೆದಿತ್ತು. ಹೆಣ್ಣು ನೋಡಲು ದೇವದುರ್ಗಕ್ಕೆ ಹೋದ ದಿನ ಅವನ ತಾಯಿ ಮುಂದಾಲೋಚನೆಯಿಂದ ಮಗನ ತಲೆಗೆ ರುಮಾಲು ಸುತ್ತಿಸಿ, ಕಿವಿ ಕಾಣದಂತೆ ಕೂರಿಸಿದ್ದಳು. ವಿಜಯಶ್ರೀ ರುಮಾಲಿನ ಕೆಳಗಿದ್ದ ಗತ್ತಿನ ಮೀಸೆಯನ್ನಷ್ಟೇ ನೋಡಿ ಒಪ್ಪಿಕೊಂಡಳು. ರುಮಾಲು ಬಿಚ್ಚುವ ಹೊತ್ತಿಗೆ ತಾಳಿ ಕಟ್ಟಿಯಾಗಿತ್ತು.

"ನಾ ಮೀಸಿ ನೋಡಿ ಮದಿವಿ ಆಗೀನ್ರಿ. ಕಿವಿ ನನಗ್ಯಾರೂ ತೋರಿಸಿದ್ದಿಲ್ಲ," ಎಂದು ಅವಳು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು. "ನಿಮ್ಮ ಬಾಜೂಕ ಮಲಗಿದ್ರ ಕರಡಿ ಬಾಜೂಕ ಮಲಗಿದಂಗ ಆಗ್ತದ. ಆ ಕೂದಲ ಹೋದ ದಿನ ಫೋಟೋ ಕಳಸ್ರಿ. ಮರುದಿನಾನೇ ಬರ್ತೀನಿ."

ಕತ್ತರಿ ಹಿಡಿದು ಕತ್ತರಿಸಿದರೆ ಮುಗಿಯಿತಲ್ಲ ಎನ್ನುವವರಿಗೆ ಮಾನ್ವಿಯ ವಿರೂಪಣ್ಣ ಸಾವುಕಾರ ಗೊತ್ತಿಲ್ಲ. ಬಸವಪ್ರಸಾದ ಅವನ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅವನು ಕೆಲಸಕ್ಕೆ ಸೇರಿದ ವಾರವೇ ಅಕ್ಕಿಯ ದರ ಏರಿತ್ತು. ದರ ಏರಿಸಿದ್ದು ಈ ಕಿವಿಗಳೇ ಎಂದು ವಿರೂಪಣ್ಣ ತೀರ್ಮಾನಿಸಿದ್ದ. ಅಂದಿನಿಂದ ಆ ಕಿವಿ ಮುಟ್ಟದೆ ಗಿರಣಿಯಿಂದ ಒಂದು ಲಾರಿಯೂ ಹೊರಡುತ್ತಿರಲಿಲ್ಲ. ಸುದ್ದಿ ಬಜಾರಿಗೂ ಹಬ್ಬಿ, ಅಂಗಡಿಯವರೆಲ್ಲ ಬೆಳಿಗ್ಗೆ ಬೋಣಿಗೆಗೆ ಅವನನ್ನೇ ಎಳೆಯತೊಡಗಿದರು. ದಿನದ ಮೊದಲ ಗಿರಾಕಿ ಅವನಾದರೆ ವ್ಯಾಪಾರ ಕುದುರುತ್ತದಂತೆ. ಅವರ ವ್ಯಾಪಾರ ಕುದುರಿತೋ ಇಲ್ಲವೋ, ಅವನ ಮನೆಯ ಕಪಾಟು ಮಾತ್ರ ಬೇಡದ ಕಡ್ಡಿಪೆಟ್ಟಿಗೆ, ಊದಿನಕಡ್ಡಿ, ಸೂಜಿಗಳಿಂದ ತುಂಬಿಹೋಗಿತ್ತು.

ಒಮ್ಮೆ ಧೈರ್ಯ ಮಾಡಿ ಮನೆಯಲ್ಲೇ ಕತ್ತರಿಸಿಕೊಂಡಿದ್ದ. ಅದೇ ವಾರ ಗಿರಣಿಯ ಬೆಲ್ಟ್ ಹರಿಯಿತು. ವಿರೂಪಣ್ಣ ಬೆಲ್ಟಿನ ಖರ್ಚನ್ನು ಅವನ ಪಗಾರದಲ್ಲಿ ಮುರಿದುಕೊಂಡ. ಕೂದಲಂತೂ ಯೂರಿಯಾ ಹಾಕಿದಂತೆ ಮರಳಿ ಬಂತು. ಕ್ಷೌರದ ದಸ್ತಗೀರ್ ಸಾಬನ ಬಳಿ ಹೋದರೆ ಅವನು ಕೈಮುಗಿದ.

"ತಲಿ ಬೋಳಸ್ತೀನಿ, ಗಡ್ಡ ಬೋಳಸ್ತೀನಿ. ಕಿವಿ ಮಾತ್ರ ಕೇಳಬ್ಯಾಡ ಭಾಯ್. ಈ ದುಕಾನ ಸಾವ್ಕಾರ್ರದು. ನಿನ್ನ ಕಿವಿ ಬೋಳಿಸಿದ ದಿನ ನನ್ನ ಕುರ್ಚಿ ರಸ್ತಾದಾಗ ಇರ್ತದ."

ಹೀಗಾಗಿ ಉಳಿದದ್ದು ಲೇಸರ್. ಬಸವಪ್ರಸಾದನ ಲೆಕ್ಕ ಸರಳವಾಗಿತ್ತು: ಕತ್ತರಿಸಿದರೆ ತನ್ನ ತಪ್ಪು, ಬೇರುಸಮೇತ ಹೋದರೆ ತಾನಾಗಿ ಉದುರಿತು ಅನ್ನಬಹುದು. ದೇವರೇ ಉದುರಿಸಿದ ಕೂದಲಿಗೆ ಯಾವ ಸಾವುಕಾರನೂ ಪಗಾರ ಮುರಿಯಲಾರ.

ಅವತ್ತು ಬೆಳಿಗ್ಗೆ ಹಲ್ಲುನೋವೆಂದು ಗಿರಣಿಗೆ ಫೋನ್ ಮಾಡಿ ರಜೆ ಹೇಳಿದ. ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ರಾಯಚೂರಿನ ಕ್ಲಿನಿಕ್ಕುಗಳನ್ನು ಹುಡುಕಿದ. ಎಲ್ಲದಕ್ಕೂ ಐದೈದು ನಕ್ಷತ್ರ. ಅಷ್ಟು ನಕ್ಷತ್ರ ಮಾನ್ವಿಯ ಆಕಾಶದಲ್ಲೂ ಇರಲಿಲ್ಲ. ಯಾವುದನ್ನು ಆರಿಸಬೇಕೆಂದು ಕಣ್ಣು ಕಿರಿದು ಮಾಡುತ್ತಿರುವಾಗ ಹಿಂದಿನಿಂದ ಪಕ್ಕದ ಮನೆಯ ಸೂಗಮ್ಮನ ದನಿ ಕೇಳಿತು.

"ಏನ್ ನೋಡಾಕತ್ತೀಯೋ ಪ್ರಸಾದಾ?"

"ಹಲ್ಲ ನೋವು ಯವ್ವಾ. ದವಾಖಾನಿ ಹುಡುಕಾಕತ್ತೀನಿ."

"ಮತ್ತ ಅದರಾಗ ಹೆಣ್ಮಗಳ ಕಾಲು ಕಾಣಾಕತ್ತದಲ್ಲೋ! ಆಕಿಗಿ ಹಲ್ಲು ಮೊಣಕಾಲಾಗ ಅದಾವೇನು?"

ವಿಧಿಯಿಲ್ಲದೆ ಅವನು ಎಲ್ಲ ಹೇಳಿ, ಸಾವುಕಾರನಿಗೆ ತಿಳಿಸಬಾರದೆಂದು ಆಣೆ ಹಾಕಿಸಿದ.

"ನನಗ ಹೇಳಿದ ಮಾತು ಬಾವ್ಯಾಗ ಬಿದ್ದಂಗ," ಎಂದಳು ಸೂಗಮ್ಮ. ಆ ಬಾವಿಗೆ ಓಣಿಯೆಲ್ಲ ಕೊಡ ಹಿಡಿದು ಬರುತ್ತದೆಂಬುದು ಅವನಿಗೆ ಆ ಗಳಿಗೆಯಲ್ಲಿ ಮರೆತಿತ್ತು. "ಮೊಬೈಲ್ ನಂಬಬ್ಯಾಡ. ಕುರ್ಡಿ ಊರಾಗಿನ ನಮ್ಮ ತಂಗಿ ಮಗ ಮಲ್ಲೇಶ ರಾಯಚೂರಾಗ ಕೂದಲದ ದವಾಖಾನಿನೇ ತಗದಾನ. ನನ್ನ ಹೆಸರ ಹೇಳು."

ಹಲ್ಲುನೋವಿನ ಮಾತು ನಂಬಿಕೆ ಬರಲೆಂದು ಅವನು ಗದ್ದದಿಂದ ನೆತ್ತಿಯವರೆಗೆ ಟವೆಲ್ ಕಟ್ಟಿಕೊಂಡು ಬಸ್ಸು ಹತ್ತಿದ. ಮೇ ತಿಂಗಳು. ಬಸ್ಸಿನ ಸರಳು ಮುಟ್ಟಿದರೆ ರೊಟ್ಟಿ ಬೇಯುವಂತಿತ್ತು. ರಾಯಚೂರು ಮುಟ್ಟುವಷ್ಟರಲ್ಲಿ ಟವೆಲಿನೊಳಗೆ ಕಿವಿಯ ಬೆಳೆಗೆ ಚೆನ್ನಾಗಿ ನೀರು ಹಾದಿತ್ತು.

ಮಲ್ಲೇಶನದು ಕೂದಲಿನ ದವಾಖಾನೆ ಎಂದದ್ದು ನಿಜ. ಆದರೆ ಅಲ್ಲಿ ಕೂದಲು ತೆಗೆಯುತ್ತಿರಲಿಲ್ಲ, ನೆಡುತ್ತಿದ್ದರು. ಟವೆಲ್ ಬಿಚ್ಚಿದ್ದೇ ತಡ, ಮಲ್ಲೇಶ ಗದ್ದೆಯ ಬದುವಿನಲ್ಲಿ ನಿಂತ ರೈತನಂತೆ ಸೊಂಟಕ್ಕೆ ಕೈಕೊಟ್ಟು ನಿಂತ.

"ಅಣ್ಣಾ, ಏನ್ ಬೆಳಿ ರೀ ಇದು! ಇದನ್ನ ಸುಟ್ಟು ಹಾಳ ಮಾಡ್ತಾರೇನು? ಕಿತ್ತಿ ತಲಿ ಮ್ಯಾಲ ನಾಟಿ ಹಚ್ಚಬೇಕು."

"ನನ್ನ ತಲ್ಯಾಗ ಕೂದಲ ಅದಾವಲ್ಲ ತಮ್ಮಾ."

"ನಿಮ್ಮ ತಲಿ ಯಾರ ಕೇಳ್ಯಾರ? ಒಳಗೊಬ್ರು ಕುಂತಾರ."

ಪರದೆಯ ಸಂದಿಯಿಂದ ತೊಳೆದ ಹಂಡೆಯಂಥ ಬೋಳುತಲೆಯೊಂದು ಹೊರಗೆ ಬಂತು. ಅದರ ಕೆಳಗಿದ್ದ ಎರಡು ಕಣ್ಣುಗಳು ಬಸವಪ್ರಸಾದನ ಕಿವಿಗಳನ್ನು ಎಷ್ಟು ಆಸೆಯಿಂದ ನೋಡಿದವೆಂದರೆ, ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ.

ಎರಡನೆಯದು ಮಹಡಿಯ ಮೇಲಿನ ಗಾಜಿನ ಬಾಗಿಲಿನ ಜಾಗ. ಮೊಬೈಲಿನಲ್ಲಿ ಅತಿ ಹೆಚ್ಚು ಹೊಗಳಿಕೆ ಇದ್ದದ್ದು ಅದಕ್ಕೇ. ಬಾಗಿಲು ತಳ್ಳಿದರೆ, ಒಳಗೆ ಮುಖಕ್ಕೆ ಬಿಳಿ ಲೇಪ ಬಳಿದುಕೊಂಡ ಹೆಂಗಸರು ಸುಣ್ಣ ಹೊಡೆದ ಗೋಡೆಗಳಂತೆ ಸಾಲಾಗಿ ಕೂತಿದ್ದರು.

"ಗಂಡಸ್ರಿಗಿ ಇಲ್ರಿ," ಎಂದಳು ಮೇಜಿನ ಹಿಂದಿದ್ದ ಹುಡುಗಿ.

"ನನಗ ಕಿವಿ ಅಷ್ಟ ರೀ."

"ಕಿವಿನೂ ಗಂಡಸಿಂದ ಅಲ್ಲೇನ್ರಿ?"

ಅವನು ಹೊರಳುವಷ್ಟರಲ್ಲಿ ಒಂದು ಗೋಡೆ ಮಾತಾಡಿತು. "ಅಯ್ಯ, ಇವ್ರು ಮಾನ್ವಿ ವಿರೂಪಣ್ಣನ ಗಿರಣಿ ಪ್ರಸಾದಣ್ಣ ಅಲ್ರಿ? ಅದೃಷ್ಟದ ಕಿವಿ! ಅಣ್ಣಾ, ನಾಳಿ ನನ್ನ ಮಗಳ ರಿಸಲ್ಟ್ ಅದ. ಒಮ್ಮಿ ಮುಟ್ಟಲೇನ್ರಿ?"

ಒಬ್ಬಳು ಮುಟ್ಟಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಒಬ್ಬಳಿಗೆ ಸೈಟು, ಒಬ್ಬಳಿಗೆ ವರ್ಗಾವಣೆ, ಇನ್ನೊಬ್ಬಳಿಗೆ ಸೊಸೆ ಬೇರೆ ಮನೆ ಮಾಡಬೇಕಿತ್ತು. ಗಂಡಸರಿಗಿಲ್ಲ ಎಂದ ಹುಡುಗಿಯೂ ಕೊನೆಯಲ್ಲಿ ಬಂದು ಮುಟ್ಟಿ, ಕಣ್ಣು ಮುಚ್ಚಿ ಏನನ್ನೋ ಬೇಡಿಕೊಂಡಳು. ಅವನು ಹೊರಬಂದಾಗ ಕಿವಿಯ ಕೂದಲು ಹಾಗೇ ಇತ್ತು. ಮೇಲೆ ಪುಕ್ಕಟೆ ಕ್ರೀಮು ಬೇರೆ ಮೆತ್ತಿತ್ತು.

ಮೂರನೆಯದು ಓಣಿಯೊಳಗಿನ ಸಣ್ಣ ಕ್ಲಿನಿಕ್ಕು. ಡಾಕ್ಟರ್ ಯಾಸ್ಮೀನ್ ಮೊದಲು ಹತ್ತಿಯಿಂದ ಅವನ ಕಿವಿಯ ಕ್ರೀಮು ಒರೆಸಿದರು. ಆಮೇಲೆ ಹೆದರಿಸಲು ಶುರುಮಾಡಿದರು.

"ಒಂದ ಸಲಕ್ಕ ಹೋಗಂಗಿಲ್ಲ ನೋಡ್ರಿ. ಇವತ್ತು ನುಣ್ಣಗ ಬೋಳಿಸಿ ಲೇಸರ್ ಹಚ್ತೀನಿ. ಮತ್ತ ತಿಂಗಳಿಗೊಮ್ಮಿ ಬರಬೇಕು. ಬರಬರ್ತಾ ಕಮ್ಮಿ ಆಗ್ತದ. ಪೂರ್ತಿ ಹೋಗ್ತದ ಅಂತ ನಾ ಬರದು ಕೊಡಂಗಿಲ್ಲ. ಕೆಂಪಗಾಗಬಹುದು, ಉರಿ ಆಗಬಹುದು. ಬಿಸಿಲಿಗಿ ಹೋಗಂಗಿಲ್ಲ."

"ರಾಯಚೂರು ಜಿಲ್ಲಾದಾಗ ಹುಟ್ಟಿ ಬಿಸಿಲಿಗಿ ಹೋಗಬಾರದಂದ್ರ ಎಲ್ಲಿ ಹೋಗ್ಲಿ ಡಾಕ್ಟ್ರ?"

"ಟವೆಲ್ ಕಟಗೊಂಡೀರಲ್ಲ, ಹಂಗ ಇರ್ರಿ."

ಬೆಳಗಿನಿಂದ ಅವನನ್ನು ನೋಡಿ ಖುಷಿಪಡದವರು ಇವರೊಬ್ಬರೇ. ಬಸವಪ್ರಸಾದನಿಗೆ ವಿಶ್ವಾಸ ಬಂತು.

"ಕೆಲವ್ರು ಇದರ ಕೂಡ ಮೀಸಿ, ಗಡ್ಡಾನೂ ಮಾಡಿಸ್ತಾರ. ನಿಮಗ?"

ಅವನು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ. "ಮೀಸಿ ಹೆಸರ ತಗೀಬ್ಯಾಡ್ರಿ ಡಾಕ್ಟ್ರವ್ವಾ! ನನ್ನ ಸಂಸಾರ ನಿಂತಿದ್ದ ಅದರ ಮ್ಯಾಲ."

ಕಿವಿಯ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಡಾಕ್ಟರು ಯಂತ್ರ ಹಿಡಿದರು. ಇರುವೆಗಳು ಸಾಲುಗಟ್ಟಿ ಬಂದು ಒಂದೊಂದಾಗಿ ಕಚ್ಚಿ ಹೋದಂತಾಯಿತು. ಎಳೆಜೋಳದ ತೆನೆ ಸುಟ್ಟು ಸೀತನಿ ಮಾಡುವಾಗಿನ ವಾಸನೆ ಎದ್ದಿತು. ಎಲ್ಲ ಮುಗಿದು ಕನ್ನಡಿ ನೋಡಿದರೆ ಎರಡು ಕಿವಿಗಳು ಹಣ್ಣುಮೆಣಸಿನಕಾಯಿಯಂತೆ ಕೆಂಪಗೆ, ನುಣ್ಣಗೆ ನಿಂತಿದ್ದವು. ಅವನು ಎಡಕ್ಕೊಂದು ಬಲಕ್ಕೊಂದು ಫೋಟೋ ತೆಗೆದು ದೇವದುರ್ಗಕ್ಕೆ ಕಳಿಸಿದ. ಕಣ್ಣಲ್ಲಿ ನೀರೇ ಬಂತು. ಅರ್ಧ ಸಂತೋಷಕ್ಕೆ, ಅರ್ಧ ಉರಿಗೆ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿಯದಲ್ಲ, ವಿರೂಪಣ್ಣನದು.

"ಲೇ ಪ್ರಸಾದಾ, ಹಲ್ಲ ತೋರ್ಸಾಕ ರಾಯಚೂರಿಗಿ ಹೋಗಿಯಂತ, ಸೂಗಮ್ಮ ಹೇಳಿದ್ಳು. ಚಲೋ ಆತು! ನಾನೂ ಇಲ್ಲೇ ಗಂಜ್‌ನಾಗ ಅದೀನಿ. ಬುರ್ಹಾನುದ್ದೀನ್ ಬಂದಾನ, ದೊಡ್ಡ ಮಾಲು. ನಿನ್ನ ಕಿವಿ ಬೇಕು. ಲಗೂನ ಬಾ."

ಸೂಗಮ್ಮ ಆಣೆ ಮುರಿದಿರಲಿಲ್ಲ. ಕಿವಿಯ ಮಾತು ಬಾವಿಯಲ್ಲೇ ಇಟ್ಟು, ರಾಯಚೂರನ್ನಷ್ಟೇ ಸೇದಿಕೊಟ್ಟಿದ್ದಳು.

ಬಸವಪ್ರಸಾದ ಟವೆಲನ್ನು ಬಿಗಿಯಾಗಿ ಕಟ್ಟಿಕೊಂಡು, ಧಾನ್ಯದ ಸಗಟು ಮಾರುಕಟ್ಟೆಯಾದ ಗಂಜ್‌ಗೆ ಹೋದ. ವಿರೂಪಣ್ಣ ದಲ್ಲಾಳಿಯ ಅಡತಿ ಅಂಗಡಿಯ ಗಾದಿಯ ಮೇಲೆ, ಅಕ್ಕಿ ಕೊಳ್ಳಲು ಬಂದ ಹೈದರಾಬಾದಿನ ಕಡೆಯ ವ್ಯಾಪಾರಿ ಬುರ್ಹಾನುದ್ದೀನನ ಎದುರು ಕೂತಿದ್ದ. ಈಗೆಲ್ಲ ದರ ಮೊಬೈಲಿನಲ್ಲೇ ಮುಗಿಯುತ್ತದೆ. ಆದರೆ ಈ ಇಬ್ಬರು ಹಳಬರು ಮಾತ್ರ ಇನ್ನೂ ಬಟ್ಟೆಯ ಕೆಳಗೆ ಕೈ ಹಿಡಿದು, ಬೆರಳಿನಲ್ಲೇ ದರ ಹೇಳುತ್ತಿದ್ದರು. ಮಾರುವವನು ಕೊಳ್ಳುವವನ ಒಂದು ಬೆರಳು ಹಿಡಿದರೆ ದರ ಒಂದು ಮೆಟ್ಟಿಲು ಮೇಲೆ, ಎರಡು ಹಿಡಿದರೆ ಎರಡು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು.

"ಬಾ, ಕುಂದ್ರು," ಎಂದ ವಿರೂಪಣ್ಣ. "ಇವತ್ತು ಗಿರಾಕಿ ಗಟ್ಟಿ ಅದಾನ. ಎರಡು ಬೆರಳು ಸಿಕ್ರ ಸಾಕು. ಎಲ್ಲಿ, ಕಿವಿ ತಾ."

"ಬಾವು ಬಂದದ ಸಾವ್ಕಾರ್ರ, ಮುಟ್ಟಿದ್ರ ಜೀವ ಹೋಗ್ತದ."

"ಲವಂಗ ಇಡು ಬೇಟಾ," ಎಂದ ಬುರ್ಹಾನುದ್ದೀನ್. ಹಮಾಲರೊಬ್ಬರು ಉಪ್ಪುನೀರು ಎಂದರು. ಇನ್ನೊಬ್ಬರು ಹಲ್ಲನ್ನೇ ಕೀಳಿಸಲು ಹೇಳಿದರು.

"ಹೋಗ್ಲಿ ಬಿಡು, ಬಾಜೂಕ ಇದ್ದಿಯಲ್ಲ, ಸಾಕು," ಎಂದು ವಿರೂಪಣ್ಣ ವ್ಯಾಪಾರಿಯ ಕೈ ಹಿಡಿದ. ಬಟ್ಟೆ ಬೇಕಿತ್ತು. ಹೆಗಲು ತಡವಿದ, ಶಲ್ಯ ಕಾರಿನಲ್ಲೇ ಉಳಿದಿತ್ತು. ಪಕ್ಕದಲ್ಲಿ ಕಂಡದ್ದು ಬಸವಪ್ರಸಾದನ ತಲೆಯ ಟವೆಲ್. ಅವನು ಹಿಡಿದುಕೊಳ್ಳುವಷ್ಟರಲ್ಲಿ ಸರಕ್ಕನೆ ಎಳೆದು, ಕೂಡಿದ ಕೈಗಳ ಮೇಲೆ ಹೊದಿಸಿಯೇಬಿಟ್ಟ.

ಆಮೇಲೆ ತಲೆ ಎತ್ತಿ ನೋಡಿದ.

ವಿರೂಪಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಾಕಿದ ಜೋಳ ರಾತ್ರೋರಾತ್ರಿ ಯಾರೋ ಕೊಯ್ದುಕೊಂಡು ಹೋದ ಹೊಲ ನೋಡಿದವನಂತೆ ನೋಡುತ್ತಲೇ ಕೂತ. ಟವೆಲಿನ ಕೆಳಗೆ ಅವನ ಕೈ ಮಾತ್ರ ಸಿಟ್ಟಿಗೆ ಬಿಗಿಯಾಗುತ್ತ ಬುರ್ಹಾನುದ್ದೀನನ ಐದೂ ಬೆರಳನ್ನು ಹಿಡಿದು ಹಿಂಡಿತು.

"ಪಾಂಚ್?" ಬುರ್ಹಾನುದ್ದೀನ್ ಕೂತಲ್ಲೇ ಎಗರಿದ. "ಏನ್ ಸೇಠ್, ಲೂಟಿ ಮಾಡ್ತೀರೇನು? ಮೂರು ಮಾಡ್ರಿ."

ವಿರೂಪಣ್ಣನ ಕಣ್ಣು ಕಿವಿಯ ಮೇಲೆ. ಹಿಡಿತ ಇನ್ನಷ್ಟು ಬಿಗಿಯಾಯಿತು.

"ನಾಲ್ಕು! ಸೇಠ್, ಬಾಲಬಚ್ಚೆ ಇದ್ದವ ನಾನು!"

ವಿರೂಪಣ್ಣನ ಹಲ್ಲು ಕಟಕಟ ಎಂದವು. ಇಷ್ಟು ಹಟ ಹಿಡಿಯಬೇಕಾದರೆ ನಾಳೆ ದರ ಏರುವ ಗುಟ್ಟು ಈ ಮನುಷ್ಯನಿಗೆ ಎಲ್ಲಿಂದಲೋ ತಿಳಿದಿರಬೇಕು ಎಂದುಕೊಂಡ ಬುರ್ಹಾನುದ್ದೀನ್, ಬೆರಳು ಮುರಿಯುವ ಮುಂಚೆ ಸೋತ. "ಆಯ್ತು, ಐದೇ! ಕೈ ಬಿಡ್ರಿ!"

ಗಂಜ್‌ನಲ್ಲಿ ಆ ವರ್ಷ ಯಾರಿಗೂ ಸಿಗದ ದರ ಅದು. ಬುರ್ಹಾನುದ್ದೀನ್ ಬೆರಳಿಗೆ ಉಫ್ ಉಫ್ ಎಂದು ಊದುತ್ತ ಹೊರಗೆ ಹೋದ. ಗಾದಿಯ ಮೇಲೆ ಇವರಿಬ್ಬರೇ ಉಳಿದರು.

"ಉದುರಿದ್ವು ಸಾವ್ಕಾರ್ರ," ಎಂದು ಬಸವಪ್ರಸಾದ ತೊದಲಿದ. "ತಾವಾಗೇ... ಬಸ್ಸಿನಾಗ..."

"ಸುಳ್ಳ ಹೇಳಬ್ಯಾಡಲೇ. ಯಾವ ದವಾಖಾನಿ? ಕಾರ ಹತ್ತು."

ದಾರಿಯುದ್ದಕ್ಕೂ ವಿರೂಪಣ್ಣ ತಿರುತಿರುಗಿ ಇವನ ಕಿವಿಯನ್ನೇ ನೋಡುತ್ತಿದ್ದ. ಕೆಲಸವಂತೂ ಹೋಯಿತು, ಈಗ ಆ ಪಾಪದ ಡಾಕ್ಟರಿಗೂ ಬೈಗುಳ ತಿನ್ನಿಸುತ್ತೇನಲ್ಲ ಎಂದು ಬಸವಪ್ರಸಾದ ಬೆವರಿದ. ಓಣಿಯ ತಿರುವಿನಲ್ಲಿ ಫೋನ್ ಬಂತು. ಈ ಸಲ ಹೆಂಡತಿಯದೇ.

"ಫೋಟೋ ನೋಡಿದ್ನಿರೀ," ಎಂದಳು ವಿಜಯಶ್ರೀ. ದನಿಯಲ್ಲಿ ಮದುವೆಯ ಹೊಸದರ ಬೆಲ್ಲವಿತ್ತು. "ಈಗ ನೋಡ್ರಿ, ಗಂಡಸಿನ ಮಾರಿ ಆತು! ನಾಳಿ ಮುಂಜಾನಿ ಮೊದಲ ಬಸ್ಸಿಗೇ ಬರ್ತೀನಿ. ಮೀಸಿಗಿ ಎಣ್ಣಿ ಹಚ್ಚಿ, ತಿದ್ದಿ ಇಟ್ಟಿರ್ರಿ ಮತ್ತ."

ಕೆಲಸ ಹೋದರೂ ಹೆಂಡತಿ ಬಂದಳಲ್ಲ ಎಂದು ಅವನು ಉಸಿರು ಬಿಟ್ಟ. ಕಾರು ಕ್ಲಿನಿಕ್ಕಿನ ಮುಂದೆ ನಿಂತಿತು. ವಿರೂಪಣ್ಣ ಕೆಳಗಿಳಿದು, ಇವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ.

"ಇಷ್ಟ ವರ್ಷ ನಾ ತಪ್ಪ ತಿಳಕೊಂಡಿದ್ದೆ ನೋಡಪಾ. ಅದೃಷ್ಟ ಕೂದಲಾಗ ಇದ್ದಿಲ್ಲ, ಕೂದಲದ ತಳಗ ಮುಚಗೊಂಡಿತ್ತು. ಬರೇ ಕಿವಿ ಬೋಳಿಸಿದ್ದಕ್ಕ ಎರಡಿದ್ದದ್ದು ಐದಾತು." ಅವನು ಒಳಗೆ ಕೂಗಿದ: "ಡಾಕ್ಟ್ರವ್ವಾ, ಅದೀರೇನ್ರಿ? ಈಗ ಮೀಸಿ ತಗೀರಿ. ಸುಗ್ಗಿಗಿ ತಲಿ ತಗಸೋಣಂತ."

ಬಸವಪ್ರಸಾದ ವಿರೂಪಣ್ಣನ ಹೆಗಲ ಮೇಲಿದ್ದ ತನ್ನ ಟವೆಲ್ ಕಸಿದುಕೊಂಡ. ಕಿವಿಯನ್ನು ಬಿಸಿಲಿಗೆ ಬಿಟ್ಟು, ಅದನ್ನು ಈಗ ಮೂಗಿನ ಕೆಳಗೆ ಕಟ್ಟಿಕೊಂಡ.