ಕಂಟ್ರೋಲ್ ಕೊಟ್ಟ ಮೇಲೂ ಕೈ ತೆಗೆಯದ ಬೋಧಕರ ಬಗ್ಗೆ

ಇಂದ:
ತರಬೇತಿ ವಿಮಾನದ ಎಡಗಡೆ ಸೀಟಿನ ವಿದ್ಯಾರ್ಥಿನಿ
(ಇನ್ನು ಮುಂದೆ 'ಅರ್ಜಿದಾರಳು')

ಗೆ:
ಪ್ರಾಂಶುಪಾಲರು,
ವಿಮಾನ ಹಾರಾಟ ತರಬೇತಿ ಶಾಲೆ,
ರನ್‌ವೇ ಪಕ್ಕದ ತಗಡಿನ ಕಟ್ಟಡ

ಮೂಲಕ:
ಬಲಗಡೆ ಸೀಟಿನ ಬೋಧಕರು (ಅರ್ಜಿದಾರಳ ತಂದೆ)

ವಿಷಯ: ಸದರಿ ಬೋಧಕರನ್ನು ಬದಲಾಯಿಸಿಕೊಡುವ ಬಗ್ಗೆ.

ಉಲ್ಲೇಖ: ೧. ಮೊದಲ ಬೋಧಕರಾದ ಗುಡುಗಪ್ಪ ಮೇಷ್ಟ್ರು ಕಿರುಚುತ್ತಾರೆ, ತಂದೆಯವರ ಕೈಕೆಳಗೇ ಹಾಕಿ ಎಂದು ಅರ್ಜಿದಾರಳು ಹಿಂದೆ ಅತ್ತು ಕರೆದು ಸಲ್ಲಿಸಿದ್ದ ಅರ್ಜಿ.
೨. ಅದನ್ನು ಮಂಜೂರು ಮಾಡುವಾಗ ತಾವು ಮೀಸೆಯಡಿಯಲ್ಲಿ ನಕ್ಕದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ತರಬೇತಿ ವಿಮಾನದಲ್ಲಿ ಇಬ್ಬರ ಮುಂದೆಯೂ ವಿಮಾನ ನಡೆಸುವ ಹಿಡಿ, ಅಂದರೆ ಕಂಟ್ರೋಲ್, ಒಂದೊಂದು ಇದ್ದು, ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಬೋಧಕರು "ಕಂಟ್ರೋಲ್ ನಿಂದು" ಎಂದು ಹೇಳಿ ಕೈ ತೆಗೆಯತಕ್ಕದ್ದು. ಸದರಿಯವರು ಹೇಳುವುದನ್ನು ಚಾಚೂ ತಪ್ಪದೆ ಹೇಳುತ್ತಾರೆ, ಕೈ ಮಾತ್ರ ತೆಗೆಯುವುದಿಲ್ಲ. ಎರಡು ಬೆರಳು ಅಲ್ಲೇ ಇರುತ್ತವೆ. ಕೇಳಿದರೆ "ಎಲ್ಲಿ ಹಿಡ್ಕೊಂಡಿದೀನಮ್ಮಾ, ಸುಮ್ನೆ ಇಟ್ಟಿದೀನಿ" ಎನ್ನುತ್ತಾರೆ.

೨. ಈ ಕಾರಣ, ವಿಮಾನವನ್ನು ಅರ್ಜಿದಾರಳು ಇಳಿಸಿದಳೋ ಬೆರಳುಗಳು ಇಳಿಸಿದವೋ ಇದುವರೆಗೆ ಇತ್ಯರ್ಥವಾಗಿಲ್ಲ. ಜೊತೆಗೆ ಸೇರಿದವರೆಲ್ಲ ಒಂಟಿಯಾಗಿ ಹಾರಿಬಂದು, ಪದ್ಧತಿಯಂತೆ ತಲೆಯ ಮೇಲೆ ಬಕೆಟ್ ನೀರು ಸುರಿಸಿಕೊಂಡಾಯಿತು. ಅರ್ಜಿದಾರಳು ಬಕೆಟ್ ತುಂಬಿಸಿಕೊಡುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದಾಳೆ. ಇದರಿಂದ ಅವಳಿಗೆ ಹೊಟ್ಟೆಯುರಿ ಉಂಟಾಗಿರುವುದು ನಿಜ.

೩. ಸದರಿ ಅಭ್ಯಾಸವು ಮನೆಯಲ್ಲೂ ಜಾರಿಯಲ್ಲಿದೆ. ಬಿಸಿ ಚಹಾದ ಲೋಟ ಕೊಡುವಾಗ ಅರ್ಜಿದಾರಳು ಹಿಡಿದುಕೊಂಡ ಮೇಲೂ ಅವರು ಬಿಡುವುದಿಲ್ಲ. ಇಬ್ಬರೂ ಹಿಡಿದೆಳೆದು, ಆಮೇಲೆ ಇಬ್ಬರೂ ಒಮ್ಮೆಗೇ ಬಿಟ್ಟು, ಚಹಾ ಸಮವಸ್ತ್ರದ ಪಾಲಾಗುತ್ತದೆ.

೪. ಈ ಬಗ್ಗೆ ಶಾಲೆಯಲ್ಲಿ ಪ್ರಸ್ತಾಪಿಸಿದರೆ "ಮನೇಲಿ ಮಾತಾಡೋಣ" ಎನ್ನುತ್ತಾರೆ. ಮನೆಯಲ್ಲಿ ಪ್ರಸ್ತಾಪಿಸಿದರೆ "ಶಾಲೆ ವಿಷ್ಯ ಶಾಲೇಲಿ" ಎನ್ನುತ್ತಾರೆ. ಇವೆರಡರ ನಡುವೆ ಒಂದು ಬಸ್ ಪ್ರಯಾಣವಿದ್ದು, ಅದರಲ್ಲಿ ಅವರು ನಿದ್ದೆ ಮಾಡುತ್ತಾರೆ, ಅಥವಾ ಮಾಡಿದಂತೆ ನಟಿಸುತ್ತಾರೆ.

೫. ಹೀಗಿರುವಾಗ, ಹೋದ ವಾರ ಅರ್ಜಿದಾರಳ ತಾಯಿ ಬೆಳಿಗ್ಗೆಯೇ "ಹುಡುಗೀನ ಸ್ವಲ್ಪ ಬಿಡ್ರೀ, ಅವಳೇನು ಹಾಲು ಕುಡಿಯೋ ಮಗೂನಾ?" ಎಂದು ತರಾಟೆಗೆ ತೆಗೆದುಕೊಂಡರು. ಆದ್ದರಿಂದ ಸದರಿ ಬೋಧಕರು ಅಂದು ಗಟ್ಟಿ ಮನಸ್ಸು ಮಾಡಿ, ಇಳಿಯುವ ಹೊತ್ತಿಗೆ ಸದ್ದಿಲ್ಲದೆ ಬೆರಳು ತೆಗೆದರು. ಅದೇ ಹೊತ್ತಿಗೆ ಅರ್ಜಿದಾರಳು, "ಹೇಗೂ ಅವರೇ ಇಳಿಸ್ತಾರಲ್ಲ, ಇಳಿಸ್ಲಿ" ಎಂದು ಮುನಿಸಿಕೊಂಡು ತಾನೂ ಕೈ ಸಡಿಲಿಸಿದಳು. ಈ ಕಾರಣ, ನೆಲ ಎದುರಿಗೆ ಎದ್ದುಬರುತ್ತಿದ್ದಾಗ ವಿಮಾನ ಯಾರ ಕೈಯಲ್ಲೂ ಇರಲಿಲ್ಲ. ಅದು ದಢಾರನೆ ಬಡಿದು ಪುಟಿಯಿತು. ಇಬ್ಬರಿಗೂ ಜೀವ ಬಾಯಿಗೆ ಬಂದು, ಇಬ್ಬರೂ "ಕಂಟ್ರೋಲ್ ನಂದು!" ಎಂದು ಕಿರುಚಿ ಹಿಡಿದೆಳೆದರು. ವಿಮಾನವೇ ದೊಡ್ಡ ಮನಸ್ಸು ಮಾಡಿ ಹೇಗೋ ನಿಂತಿತು.

"ನೀನು ಹಿಡ್ಕೊಂಡಿದೀಯ ಅಂದ್ಕೊಂಡೆ" ಎಂದರು ಬೋಧಕರು.

"ನೀವು ಹಿಡ್ಕೊಂಡಿದೀರಿ ಅಂತ ನಾನು, ಅಪ್ಪಾ."

ಆಗ ಸದರಿಯವರು ಎಂಜಿನ್ ಆರಿಸಲು ಹೋಗಿ ಎರಡು ಸಲ ಬೇರೆ ಸ್ವಿಚ್ ಒತ್ತಿದರು. ನೆಲಕ್ಕೆ ಬಡಿದಾಗ ಆಗದಷ್ಟು ಭಯ ಅರ್ಜಿದಾರಳಿಗೆ ಅದನ್ನು ಕಂಡು ಆಯಿತೆಂದು ದಾಖಲಿಸಿಕೊಳ್ಳುವುದು.

೬. ಗುಡುಗಪ್ಪ ಮೇಷ್ಟ್ರು ಕಿರುಚುವುದು ಈಗಲೂ ತಗಡಿನ ಕಟ್ಟಡದವರೆಗೆ ಕೇಳಿಸುತ್ತದೆ. ಆದರೆ ಕಿರುಚುವಾಗ ಅವರು ಎರಡೂ ಕೈ ಕಟ್ಟಿಕೊಂಡಿರುತ್ತಾರೆ. ಅರ್ಜಿದಾರಳು ಅಳುವ ಭರದಲ್ಲಿ ಇದನ್ನು ಹಿಂದೆ ಗಮನಿಸಿರಲಿಲ್ಲ.

ಆದ್ದರಿಂದ, ಮೇಲಿನ ಕಾರಣಗಳಿಂದಾಗಿ, ಅರ್ಜಿದಾರಳನ್ನು ಬೈಗುಳ ಸಮೇತ ಗುಡುಗಪ್ಪ ಮೇಷ್ಟ್ರ ವಶಕ್ಕೆ ಒಪ್ಪಿಸಬೇಕಾಗಿ ಪ್ರಾರ್ಥನೆ. ಸದರಿ ತಂದೆಯವರನ್ನು ತಂದೆಯ ಹುದ್ದೆಯಲ್ಲಿ ಯಥಾಪ್ರಕಾರ ಮುಂದುವರಿಸತಕ್ಕದ್ದು. ಆ ಬಗ್ಗೆ ಯಾವುದೇ ದೂರು ಇರುವುದಿಲ್ಲ.

ತಮ್ಮ ವಿಶ್ವಾಸಿ, ಹಾಗೂ ಅಪ್ಪನ ಮೇಲೂ ವಿಶ್ವಾಸ ಕಡಿಮೆಯಾಗಿರದ,
ಅರ್ಜಿದಾರಳು

ಲಗತ್ತುಗಳು:
೧. ಸದರಿ ಇಳಿತದಲ್ಲಿ ಕಿತ್ತುಬಂದ ಟೈರಿನ ಚೂರು.
೨. ಚಹಾ ಕಲೆಯ ಅಂಗಿ (ಸೋಮವಾರ ಬೇಕಾಗಿರುವುದರಿಂದ ಹಿಂದಿರುಗಿಸುವುದು).

ವಿಶೇಷ ಕೋರಿಕೆ: ಅರ್ಜಿದಾರಳು ಒಬ್ಬಳೇ ಹಾರುವ ದಿನ ತಂದೆಯವರು ಕೆಳಗೆ ನಿಂತು ನೋಡುತ್ತಿರುತ್ತಾರೆ. ಅವರ ಕೈಗೆ ಹಿಡಿದುಕೊಳ್ಳಲು ಏನಾದರೂ ಕೊಡಿಸುವುದು. ಗಾಳಿಯ ದಿಕ್ಕು ತೋರಿಸುವ ಚೀಲದ ಕಂಬವಾದರೂ ಆದೀತು.

ಷರಾ (ಯಾರ ಮೂಲಕ ಸಲ್ಲಿಸಿದೆಯೋ ಅವರದು):
ಓದಿದೆ. ಶಿಫಾರಸು ಮಾಡಿ ಕಳಿಸಿದೆ. ಒಂದನೇ ಅಂಶದಲ್ಲಿ ಎರಡು ಬೆರಳು ಎಂದಿರುವುದು ತಪ್ಪು, ಇಡೀ ಕೈ ಇರುತ್ತಿತ್ತು. ಕಂಬ ಬೇಡ. ಆ ದಿನ ಅವಳಮ್ಮನಿಗೆ ಒಂದು ಗೇಟ್ ಪಾಸ್ ಕೊಡಿಸುವುದು.