ಆಮದಾರರ ಮುಂದೆ ತಂಬೂರಿ

ಮೆತ್ತಗೆ ಮಾತನಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಕ್ತಿ. ಜಗತ್ತಿನ ಬಹುಪಾಲು ಜಗಳಗಳು ವಿಷಯದಿಂದಲ್ಲ, ದನಿಯಿಂದ ಹುಟ್ಟುತ್ತವೆ ಎಂಬುದು ನನ್ನ ಸಿದ್ಧಾಂತ. ಇದನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ಮಿರಜಿನ ನಮ್ಮ ಮನೆಯಲ್ಲಿ. ನನ್ನ ಹೆಂಡತಿ ಶಾರದಾ ಸಂಗೀತ ಹೇಳಿಕೊಡುತ್ತಾಳೆ. ನಾನು ದನಿ ಏರಿಸಿದರೆ ಅವಳು ತಿರುಗಿ ಬೈಯುವುದಿಲ್ಲ. ತಂಬೂರಿ ತೊಡೆಯ ಮೇಲಿಟ್ಟುಕೊಂಡು ಮೀಟುತ್ತ ಕುಳಿತುಬಿಡುತ್ತಾಳೆ. ಆ ನಾದದ ಮೇಲೆ ನನ್ನ ಬೈಗುಳ ಎಷ್ಟು ಅಪಸ್ವರವಾಗಿ ಕೇಳುತ್ತದೆಂದರೆ, ನನಗೇ ನಾಚಿಕೆಯಾಗಿ ಸುಮ್ಮನಾಗುತ್ತೇನೆ. ನಮ್ಮೂರಲ್ಲಿ ತಂಬೂರಿ ತಯಾರಾಗುವುದು ಹಾಡುವವರಿಗಾಗಿ ಎಂದು ಜನ ತಿಳಿದಿದ್ದಾರೆ. ಗಂಡಂದಿರಿಗಾಗಿ ಎಂದು ನಾನು ಬಲ್ಲೆ. ಈಚೆಗಂತೂ ನಾನು ಜಗಳವನ್ನೇ ಬಿಟ್ಟಿದ್ದೇನೆ. ಅಡುಗೆಮನೆಯ ನಳ ಸೋರುತ್ತದೆ, ಸರಿಮಾಡಿಸಿರಿ ಎಂದು ಅವಳು ಹೇಳಿದಾಗಲೆಲ್ಲ "ನೋಡೂಣಂತ" ಎಂದು ಮೆತ್ತಗೆ ಹೇಳುತ್ತೇನೆ. ನಳ ಸೋರುತ್ತಲೇ ಇದೆ, ಮನೆಯಲ್ಲಿ ಶಾಂತಿಯೂ ಇದೆ.

ನಾನು ವಿಶ್ರಾಮಬಾಗದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮಾಸ್ತರ. ವಿದ್ಯಾರ್ಥಿಗಳಿಗೂ ಶಾಸಕರಿಗೂ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಆಮದಾರರಿಗೂ, ಸಂವಾದ ಏರ್ಪಡಿಸುವ ಕೆಲಸ ನನ್ನ ತಲೆಯ ಮೇಲೆ ಬಿತ್ತು. ಹಿಂದಿನ ಸಲದ ಸಂವಾದದಲ್ಲಿ ಹುಡುಗರು ಕೂಗಿದ್ದರು, ಅತಿಥಿಗಳು ಅದಕ್ಕಿಂತ ಜೋರಾಗಿ ಕೂಗಿದ್ದರು, ಕೊನೆಗೆ ಮೈಕೇ ಕಿರುಚಿ ಬಂದ್ ಆಗಿತ್ತು. "ಈ ಸಲ ಒಬ್ಬರೂ ದನಿ ಏರಿಸಬಾರದು" ಎಂದು ಪ್ರಿನ್ಸಿಪಾಲರ ಅಪ್ಪಣೆ. ನನಗೆ ತಟ್ಟನೆ ತಂಬೂರಿ ಹೊಳೆಯಿತು. ವೇದಿಕೆಯ ಮೂಲೆಯಲ್ಲಿ ಶಾರದಾ ಮೀಟುತ್ತ ಕುಳಿತರೆ ಯಾರು ತಾನೇ ಕೂಗಿಯಾರು?

"ಕೋಣನ ಮುಂದ ಕಿನ್ನರಿ ಅಂತ ಜನಾ ನಗ್ತಾರ್ರಿ" ಎಂದಳು ಅವಳು.

"ಮನ್ಯಾಗ ದಿನಾ ಬಾರಸ್ತೀಯಲ್ಲ, ಅಲ್ಲಿ ಯಾರು ನಗ್ತಾರ?" ಎಂದೆ. ಅವಳು ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಬರಲು ಒಪ್ಪಿದಳು.

ಸಭೆ ಊಟದ ನಂತರ ಶುರುವಾಯಿತು. ನಡೆದದ್ದೆಲ್ಲ ಮರಾಠಿಯಲ್ಲಿ, ನಾನು ನಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದೇನೆ, ಅಷ್ಟೆ. ಮೇಲೆ ಫ್ಯಾನು ತಿರುಗುತ್ತಿತ್ತು, ಮೂಲೆಯಲ್ಲಿ ತಂಬೂರಿ ಗುಂಯ್ಗುಡುತ್ತಿತ್ತು. ಆಮದಾರರು ಮೊದಲ ವಾಕ್ಯವನ್ನು ಚುನಾವಣೆಯ ಗತ್ತಿನಲ್ಲೇ ಎತ್ತಿಕೊಂಡರು. ಎರಡನೆಯದಕ್ಕೆ ತಾವಾಗಿಯೇ ಇಳಿದರು. ಮೂರನೆಯದರ ಹೊತ್ತಿಗೆ ಜೋಗುಳ. ಸಭೆಗಳಲ್ಲಿ ಬಾಗಿಲ ಬಳಿಯೇ ನಿಲ್ಲುವ ಉಡಾಳ ಹುಡುಗರೂ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದರು. ನನ್ನ ಕಣ್ಣು ಹಾಗೇ ಎಳೆಯಿತು. ಹರಿಪುರದ ಸಂಗಮದಲ್ಲಿ ಕೃಷ್ಣೆಯೂ ವಾರಣೆಯೂ ಕೂಡುವಾಗ ನೀ ಮೊದಲೋ ನಾ ಮೊದಲೋ ಎಂಬ ಗದ್ದಲವಿಲ್ಲ. ಆ ನೀರಿನ ಮೇಲೆಯೇ ತೇಲುತ್ತ ನಾನು ವಿಧಾನಸಭೆಗೆ ಹೋದೆ. ಅಲ್ಲಿ ಮೂಲೆಗೊಂದು ತಂಬೂರಿ. ಅಧ್ಯಕ್ಷರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ವಿರೋಧ ಪಕ್ಷದವರು ತಮ್ಮ ಆಕ್ಷೇಪವನ್ನು ಆಲಾಪ ಮಾಡುತ್ತಿದ್ದರು, ಅವಿಶ್ವಾಸ ನಿರ್ಣಯವೊಂದು ವಿಲಂಬಿತ ಲಯದಲ್ಲಿ ಶುರುವಾಗಿತ್ತು. ಎಂಥ ರಾಜ್ಯ! ನನಗೆ ಆನಂದದಿಂದ ಕಣ್ಣು ತುಂಬಿ ಬಂತು.

ಕಣ್ಣು ಬಿಟ್ಟಾಗ ಅಶ್ವಿನಿ ಎದ್ದು ನಿಂತಿದ್ದಳು. ನನ್ನದೇ ತರಗತಿಯ, ಹರಿಪುರದ ಹುಡುಗಿ.

"ಸಾಹೇಬ್ರ, ಹೋದ ಮಳಿಗಾಲದಾಗ ಹೊಳಿ ನೀರು ಅಂಗಳಕ್ಕ ಬಂದ ಮ್ಯಾಲೆ ಸೂಚನಾ ಹೇಳೂ ಗಾಡಿ ಬಂತ್ರಿ. ನಮ್ಮ ಆಜಿಗೆ ನಡ್ಯಾಕ ಬರೂದಿಲ್ಲ. ಕತ್ತಲದಾಗ, ನೀರಾಗ, ಆಕೀನ್ನ ಖಾಟ ಸಮೇತ ಹೊತಗೊಂಡು ಹೋದಿವ್ರಿ. ಈ ಸಲ ಬೆಳಕ ಇರೂದರೊಳಗ ಹೇಳೂ ವ್ಯವಸ್ಥಾ ಆಗೇತೇನ್ರಿ?"

"ಭಾಳ ಚಲೋ ಪ್ರಶ್ನೆ ಕೇಳಿದಿ. ಬಘೂಯಾ" ಎಂದರು ಆಮದಾರರು, ಬೆಣ್ಣೆಯಂಥ ದನಿಯಲ್ಲಿ. ಬಘೂಯಾ ಎಂದರೆ ಮರಾಠಿಯಲ್ಲಿ ನೋಡೋಣ.

"ಆಗೇತೇನ್ರಿ?" ಎಂದಳು ಅವಳು, ಇನ್ನೂ ಮೆತ್ತಗೆ.

"ನಿನ್ನ ಕಳಕಳಿ ನನಗ ಸೇರ್ತು. ಬಘೂಯಾ."

ಸಭೆ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರು ನನ್ನತ್ತ ನೋಡಿ ಮುಗುಳ್ನಕ್ಕರು. ನಾನೂ ಚಪ್ಪಾಳೆಗೆ ಕೈಯೆತ್ತಿದ್ದೆ. ಅಷ್ಟರಲ್ಲಿ ಅಶ್ವಿನಿ ಕುಳಿತುಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ, "ಮಳಿಗಾಲ ಸಮೀಪ ಬಂದೈತ್ರಿ" ಎಂದಳು. ನನ್ನ ಕೈ ಅಲ್ಲೇ ನಿಂತಿತು. ಇಷ್ಟು ಸವಿಯಾಗಿ ಒಬ್ಬ ಹುಡುಗಿಯ ಬಾಯಿ ಮುಚ್ಚಿಸುವ ಏರ್ಪಾಡು ಮಾಡಿದವನು ನಾನೇ ಅಲ್ಲವೇ? ನಾಚಿಕೆ ಸಿಟ್ಟಾಯಿತು. ಸಿಟ್ಟು ಮರಾಠಿಗಾಗಿ ಕಾಯಲಿಲ್ಲ, ಕನ್ನಡದಲ್ಲೇ ಹೊರಬಿತ್ತು.

"ಏನ್ರೀ ಇದು! ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ!"

ಚಪ್ಪಾಳೆ ನಿಂತಿತು. ಪ್ರಿನ್ಸಿಪಾಲರು ಹಣೆ ಹಿಡಿದುಕೊಂಡರು. ಶಾರದಾಳ ಬೆರಳು ಮಾತ್ರ ನಿಲ್ಲಲಿಲ್ಲ. ಆಮದಾರರ ತಾಯಿಯ ತವರು ಅಥಣಿ ಕಡೆಯಂತೆ. ಅದು ಆಮೇಲೆ ಗೊತ್ತಾಯಿತು. ಚಿಕ್ಕಂದಿನಲ್ಲಿ ಅವರನ್ನು ಗದರಿಸಿದ್ದೂ ಇದೇ ಮಾತಿರಬೇಕು. ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗನಂತೆ ಕಣ್ಣು ಪಿಳುಕಿಸಿ, ಅಪ್ಪಟ ಕನ್ನಡದಲ್ಲಿ, "ಉಹೂಂರಿ. ಆಗಿಲ್ಲ. ನಾ ಕೇಳೇ ಇಲ್ಲ" ಎಂದುಬಿಟ್ಟರು.

ಅಶ್ವಿನಿ ಮತ್ತೆ ಎದ್ದಳು. "ಹಂಗಾದ್ರ ಈಗ ಕೇಳ್ತೀರೇನ್ರಿ?"

ಅವರು ವೇದಿಕೆಯ ಮೇಲಿಂದಲೇ ಅಧಿಕಾರಿಯೊಬ್ಬರಿಗೆ ಫೋನು ಹಚ್ಚಿ, ಮೈಕಿನ ಮುಂದೆ ಹಿಡಿದರು. ಅತ್ತಲಿಂದ ಉತ್ತರ ಬಂತು: "ಬಘೂಯಾ, ಸಾಹೇಬ."

"ಹೂಂ ಅನ್ನು, ಇಲ್ಲಾ ಉಹೂಂ ಅನ್ನು!" ಎಂದು ಆಮದಾರರು ಗುಡುಗಿದರು. ಹುಡುಗರು ಬಿದ್ದು ಬಿದ್ದು ನಕ್ಕರು. ಕೊನೆಗೆ ಅತ್ತಲಿಂದ ಹೂಂ ಬಂತು. "ಗಾಡಿ ಹಗಲ ಬರಲಿಲ್ಲಂದ್ರ ನನಗ ಫೋನ್ ಮಾಡವಾ" ಎಂದು ಆಮದಾರರು ಅಶ್ವಿನಿಗೆ ತಮ್ಮ ನಂಬರು ಕೊಟ್ಟರು. ಆಮೇಲೆ ಸಂವಾದ ಸಂಜೆಯವರೆಗೂ ನಡೆಯಿತು. ದನಿಗಳು ಏರಿದವು, ಇಳಿದವು, ಯಾರೂ ಎದ್ದು ಹೋಗಲಿಲ್ಲ.

ಮಿರಜಿಗೆ ಮರಳುವಾಗ ರಿಕ್ಷಾದಲ್ಲಿ ನಮ್ಮಿಬ್ಬರ ನಡುವೆ ತಂಬೂರಿ, ಹಸುಗೂಸಿನ ಹಾಗೆ.

"ಒಂದು ಮಾತು ಹೇಳ್ತೀನಿ" ಎಂದಳು ಶಾರದಾ. "ಇಷ್ಟು ವರ್ಷ ಒದರೀರಿ. ಶ್ರುತಿಗೆ ಕೂಡಿದ್ದು ಇವತ್ತ ನೋಡ್ರಿ."

ನಾನು ಉಬ್ಬಿಹೋದೆ. ಹೊರಗೆ ತಂಗಾಳಿ ಬೀಸುತ್ತಿತ್ತು. ಪ್ರಜಾಪ್ರಭುತ್ವವನ್ನು ನಾನೊಬ್ಬನೇ ಉಳಿಸಿದೆನೆಂದು ಅನ್ನಿಸತೊಡಗಿತ್ತು.

"ಅಂದಂಗ, ಅಡಗಿಮನಿ ನಳಾ?"

"ನೋಡೂಣಂ..." ಎಂದೆ, ಮೆತ್ತಗೆ.

ಅವಳು ತಂಬೂರಿಯ ಗವಸಣಿಗೆಯೊಳಗೆ ಕೈ ತೂರಿಸಿ ಒಂದೇ ಒಂದು ತಂತಿ ಮೀಟಿದಳು.

"ಹೂಂ" ಎಂದೆ.