ಹೂಂ ಅಂದು ಹೊಡೆಯೋ ಮೇಷ್ಟ್ರು

ನಮ್ಮ ಮನೆ ಗ್ವಾಡೆ ಆಚೆ ಏನೋ ಒಂದು ನಡೀದೆ ಹೊತ್ತು ಮುಳುಗಿದ್ದೇ ಇಲ್ಲ. ಚಿತ್ರದುರ್ಗದಾಗೆ ನಾವಿದ್ದ ಓಣಿ ಅಂಥದ್ದು. ಮನುಷ್ಯ ಚಂದ್ರನ ಮ್ಯಾಲೆ ಹೋಗಿ ಬಂದ ಒಂದೆರಡು ವರ್ಷಕ್ಕೆ ಪಕ್ಕದ ಮನೆ ಟೇಲರ್ ಒಂದು ಸಂಘ ಕಟ್ಟಿದ್ರು. ಬ್ಯಾರೆ ಲೋಕದ ಕಥೆ ಓದಿ ತಲೆ ಕೆಡಿಸ್ಕಂಡ ಐದಾರು ಜನ ಸಂಜೆ ಬಂದು, ತಲೆಗೆ ಸಿಲ್ವರ್ ಡಬರಿ ಹಾಕ್ಕಂಡು, ಬಿದಿರು ಕೋಲಿಗೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ಕಂಡು, ಮಂಗಳ ಗ್ರಹದೋರು ಭೂಮಿಯೋರು ಅಂತ ಹೊಡೆದಾಡೋರು. ನಿಜದ ಹೊಡೆದಾಟ ಅಲ್ಲ, ನಾಟಕದ್ದು. ಟೇಲರ್ ಹಿಂದೆ ನಾಟಕ ಕಂಪನಿಯಾಗೆ ಕತ್ತಿವರಸೆ ಕಲಿಸ್ತಿದ್ದೋರು, ಅದಕ್ಕೆ ಎಲ್ಲರಿಗೂ ಅವರು ಮೇಷ್ಟ್ರು.

ಹೇಳಿ ಹೊಡೆಯೋ ಜಗಳ

ಮೇಷ್ಟ್ರದ್ದೊಂದು ಕಾಯ್ದೆ. ಹೊಡೆಯೋನು ಕೋಲು ಎತ್ತೋಕೆ ಮುಂಚೆ "ಹೂಂ" ಅನ್ಬೇಕು. ತಪ್ಪಿಸ್ಕಳೋನೂ "ಹೂಂ" ಅನ್ಬೇಕು. ಆಮ್ಯಾಲೇ ಕೋಲು ಬೀಸೋದು. ಸಂಜೆ ಪೂರ್ತಿ ಆ ಮನೆಯಿಂದ ಹೆರಿಗೆ ನೋವಿನೋಳು ನರಳಿದಂಗೆ ಹೂಂ, ಹೂಂ.

ಹಿರೇಗುಂಟನೂರಿಂದ ಕುರಿ ಮಾರಾಕೆ ಬಂದಿದ್ದ ನಮ್ಮ ಮಾವ ಅದನ್ನ ಕೇಳಿ, ಯಾರ್ನೋ ಕೊಲ್ತಾವ್ರೆ ಅಂತ ಗ್ವಾಡೆ ಹತ್ತಿ ನೋಡ್ದ. ಬಾಳ ಹೊತ್ತು ಅಲ್ಲೇ ಇದ್ದು ಇಳಿದು ಬಂದ.

"ಏನ್ ಮಾವ, ಬಿಡಿಸ್ಲಿಲ್ವಾ?" ಅಂದೆ.

"ನಮ್ಮೂರಾಗೆ ಅಣ್ತಮ್ಮಂದ್ರೂ ಇಷ್ಟು ಮರ್ಯಾದೆಯಿಂದ ಹೊಡೆದಾಡಲ್ಲ ಕಣವ್ವ. ಯಾಕೆ ಬಿಡಿಸ್ಲಿ?"

ಸೂಜಿ

ಒಂದಿನ ಬೆಳಿಗ್ಗೆ ಮೇಷ್ಟ್ರ ಹೆಂಡ್ತಿ ನಮ್ಮ ಕಟ್ಟೆ ಮ್ಯಾಲೆ ಕುಂತು ಸೂಜಿಗೆ ದಾರ ಪೋಣಿಸ್ತಿದ್ಲು. ಒಂದು ಮುಗಿದ ಮ್ಯಾಲೆ ಇನ್ನೊಂದು, ಸೆರಗಿನ ತುಂಬ ಸೂಜಿ.

"ಇಷ್ಟ್ಯಾಕೆ? ಗಂಡ ಕೈ ಮುರ್ಕಂಡವ್ನಾ?" ಅಂದೆ. ನನ್ನ ಬಾಯೇ ಅಂಥದ್ದು.

"ಕಣ್ಣು ಅಕ್ಕ. ದಿನದಿನಕ್ಕೆ ಮಬ್ಬಾಗ್ತಾವೆ. ದಾವಣಗೆರೆ ಡಾಕ್ಟ್ರು ಇದಕ್ಕೆ ಔಷಧಿ ಇಲ್ಲ ಅಂದ್ರು. ಆ ಹೂಂ ಅನ್ಸೋದು ಯಾಕೆ ಅಂದ್ಕಂಡೆ? ಎದುರಿಗಿರೋನು ಎಲ್ಲವ್ನೆ ಅಂತ ತಿಳ್ಕಳಾಕೆ. ಗೊತ್ತಾದ್ರೆ ಇವರ ಕೋಲಿನ ಮುಂದೆ ಯಾರು ನಿಲ್ತಾರೆ? ಬಟ್ಟೆ ಹೊಲಿಯೋದು ಬಿಟ್ರೂ ಬದುಕ್ತಾರೆ, ಆ ಸಂಜೆ ಆಟ ನಿಂತ್ರೆ ಉಳಿಯಲ್ಲ. ಯಾರ್ಗೂ ಹೇಳ್ಬ್ಯಾಡ."

ನಾನು ಯಾರ್ಗೂ ಹೇಳ್ಲಿಲ್ಲ. ಹೊಟ್ಟೆ ಉಬ್ಬರಿಸಿ ತಡೀಲಾರದೆ ನಮ್ಮತ್ತೆಗೆ ಮಾತ್ರ ಹೇಳ್ದೆ. ಆಯಮ್ಮನಿಗೆ ಎರಡೂ ಕಿವಿ ಕೇಳ್ತಿರ್ಲಿಲ್ಲ.

ಭುಜ

ಸಂಘದಾಗೆ ಹಿರಿಯೂರು ಬಸ್ಸಿನ ಕಂಡಕ್ಟರ್ ಒಬ್ಬ ಇದ್ದ. ಒಂದಿನ ಸಂಜೆ ಅವನಿಗೆ ದಿನವೆಲ್ಲ ಅರಚಿ ಗಂಟಲು ಬಿದ್ದಿತ್ತು, ಹೂಂ ಅಂದಿದ್ದು ಹೊರಗೆ ಬರ್ಲಿಲ್ಲ. ಪಕ್ಕದೋನ ಹೂಂ ಕೇಳಿ ಬೀಸಿದ ಮೇಷ್ಟ್ರ ಕೋಲು ಹೋಗಿ ಅವನ ಭುಜದ ಮ್ಯಾಲೆ ಕುಂತ್ಕಂತು. ಮೂಳೆ ಸದ್ದು ನಮ್ಮ ಅಡಿಗೆ ಮನೆಗೂ ಕೇಳ್ತು.

"ಮೇಷ್ಟ್ರೇ, ನಿಮಗೆ ಕಣ್ಣು ಕಾಣ್ತಾವೇನ್ರಿ?" ಅಂದ ಅವನು ನೋವಿಗೆ.

"ಕಾಯ್ದೆ ಬಿಟ್ಟೋನು ನೀನು, ಕಣ್ಣು ನಂದಾ?" ಅಂದ್ರು ಮೇಷ್ಟ್ರು.

ಆಸ್ಪತ್ರೆಯಾಗೆ ಕಂಪೌಂಡರ್ ಕೇಳ್ದ, "ಯಾರು ಹೊಡೆದಿದ್ದು?"

ಕಂಡಕ್ಟರ್ ಮೇಷ್ಟ್ರ ಹೆಸರು ಹೇಳ್ಬಾರ್ದು ಅಂತ, "ಮಂಗಳ ಗ್ರಹದೋರು" ಅಂದ.

ಭುಜಕ್ಕೆ ಪಟ್ಟಿ ಕಟ್ಟಿದ ಕಂಪೌಂಡರ್ ಹಂಗೇ ತಲೆಗೂ ಎರಡು ಸುತ್ತು ಸುತ್ತಿದ.

ಹೊಳಲ್ಕೆರೆ ಆಟ

ಆಮ್ಯಾಲೆ ಹೊಳಲ್ಕೆರೆಯಾಗೆ ಆಟ ಆಡ್ರಿ ಅಂತ ಕರೆ ಬಂತು. ಅಲ್ಲಿ ಕಣ್ಣಿನ ಗುಟ್ಟು ಬಯಲಾಗಿ, ಬಂದ ಮ್ಯಾಲೆ ಮೇಷ್ಟ್ರ ಕೋಲಿನ ಮುಂದೆ ಒಬ್ಬನೂ ನಿಲ್ಲಲಿಲ್ಲ. ಡಬರಿಗಳು ಅವರವರ ಮನೆ ಸೇರಿದ್ವು. ಮೇಷ್ಟ್ರು ಅಂಗಳದಾಗೆ ಗ್ವಾಡೆಗೆ ಒರಗಿ ಕುಂತೋರು ಕುಂತೇ ಇದ್ರು, ಅದೇ ವರ್ಷ ಹೋಗಿಬಿಟ್ರು. ಹೆಂಡ್ತಿ ಹೇಳಿದ್ದು ಸುಳ್ಳಾಗ್ಲಿಲ್ಲ. ಆದ್ರೆ ಆವತ್ತಿನ ಆಟ ನೆನೆಸ್ಕಂಡ್ರೆ ಅವರ ಹೆಂಡ್ತಿಗೂ ನಗು ತಡೆಯಾಕಾಗಲ್ಲ.

ನಾನೂ ಅವಳೂ ಮುಂದಿನ ಸಾಲಿನಾಗೆ ಕುಂತಿದ್ವಿ. ಅವಳು ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆ ಒಡೀತು. ಕಾಳಗ ಚೆಂದಾಗೇ ಮುಗೀತು. ಮಂಗಳ ಗ್ರಹದೋರೆಲ್ಲ ಸತ್ತು ಬಿದ್ರು, ಮೇಷ್ಟ್ರೊಬ್ಬರೇ ನಡುಮಧ್ಯೆ ನಿಂತಿದ್ರು. ಅವಳು ಉಸಿರು ಬಿಟ್ಲು.

ಅಷ್ಟರಾಗೆ ಆ ಊರಿನ ಅಕ್ಕಿ ಮಿಲ್ ಸಾವ್ಕಾರ್ರು ಖುಷಿಯಾಗಿ, ಯಾರಿಗೂ ಹೇಳ್ದೆ ಕೇಳ್ದೆ, ದಪ್ಪದೊಂದು ಹಾರ ಹಿಡ್ಕಂಡು ಸ್ಟೇಜ್ ಹತ್ತಿದ್ರು. ಮೇಷ್ಟ್ರ ಕೊರಳಿಗೆ ಹಾಕಾಕೆ ಎರಡೂ ಕೈ ಎತ್ತಿದ್ರು. ಮಬ್ಬಿನಾಗೆ ಮೇಷ್ಟ್ರಿಗೆ ಕಂಡಿದ್ದು ಮ್ಯಾಲೆದ್ದ ಕೈ ಅಷ್ಟೇ. ಬಗ್ಗಿ, ಸೊಂಟಕ್ಕೆ ಭುಜ ಕೊಟ್ಟು, ಸಾವ್ಕಾರ್ರನ್ನ ಎತ್ತಿ ಆಚೆ ಮಲಗಿಸಿದ್ರು. ಸ್ಟೇಜಿನ ಹಲಗೆಯೆಲ್ಲ ದಡ ಅಂದ್ವು.

ಸತ್ತಿದ್ದ ಮಂಗಳ ಗ್ರಹದೋರು ಎದ್ದು ಕುಂತ್ರು. ಜನಕ್ಕೆ ಇದೂ ಆಟದಾಗೇ ಐತೆ ಅನ್ಸಿ, "ಒನ್ಸ್ ಮೋರ್" ಅಂತ ಸಿಳ್ಳೆ ಹೊಡೆದ್ರು.

ಮೇಷ್ಟ್ರಿಗೆ ಅಂಥ ಚಪ್ಪಾಳೆ ಬಿದ್ದು ಎಷ್ಟೋ ವರ್ಷ ಆಗಿತ್ತು. ಕೈ ಮುಗಿದು, ಆಮ್ಯಾಲೆ ನೆಲ ತಡವಿ, ಸೊಂಟ ಹಿಡ್ಕಂಡು ನರಳ್ತಿದ್ದ ಸಾವ್ಕಾರ್ರ ರಟ್ಟೆ ಹಿಡಿದು ಎಬ್ಬಿಸಿ, ಬೆನ್ನು ತಟ್ಟಿ ಅಂದ್ರು:

"ಇಷ್ಟು ಚೆಂದಾಗಿ ಬೀಳೋದು ಯಾವಾಗ ಕಲ್ತ್ಯಲೇ? ಜನ ಕೇಳ್ತಾವ್ರೆ, ಬಾ, ಇನ್ನೊಂದ್ಸಲ ಬೀಳು."